ನೀವು ಯಾವ ಕ್ರಿಶ್ಚಿಯನ್ನರು?

ಬೆಂಗಳೂರಿನ ಹಾಸ್ಟೆಲಿನಲ್ಲಿ ಗೆಳೆಯರು ಕೇಳುತ್ತಾರೆ: 'ನೀವು ಕ್ಯಾಥೊಲಿಕರೊ, ಪ್ರಾಟೆಸ್ಟೆಂಟರೊ? ಲೂಥರನ ಕಡೆಯೊ, ವೆಸ್ಲಿ ಕಡೆಯೊ?' ಚಿಕ್ಕನಾಯಕನಹಳ್ಳಿಗೆ ಬಂದರೆ ತೋಟದ ಯಜಮಾನರದು ಒಂದೇ ಪ್ರಶ್ನೆ: 'ಅದಿರ್ಲಿ ಕಣಯ್ಯಾ, ಅದಕ್ಕೂ ಮುಂಚೆ ನೀವು ಯಾವ ಜನ?' ಮೊದಲನೆಯದಕ್ಕೆ ನಾವು ತಡವರಿಸುತ್ತೇವೆ. ಎರಡನೆಯದಕ್ಕೆ ಉತ್ತರ ಕೇಳಿದವರಿಗೇ ಗೊತ್ತು.

ನಮ್ಮ ವಿಶ್ವಾಸಕ್ಕೆ ಇನ್ನೊಂದು ಹೆಸರು ಬೇಕೆ? ಬೇಕಾದರೆ ಇಡುವವರು ಯಾರು?

ಹಳೆಯ ಹೆಸರುಗಳು ನಾವಿಟ್ಟವಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಗುಬ್ಬಿ, ತುಮಕೂರಿಗೆ ವೆಸ್ಲಿಯನ್ ಮಿಷನ್ ಬಂತು. ಬಳ್ಳಾರಿಗೆ ಲಂಡನ್ ಮಿಷನ್, ಮಂಗಳೂರಿಗೆ 1834ರಲ್ಲಿ ಬಾಸೆಲ್ ಮಿಷನ್. ಯಾವ ಪಾದ್ರಿ ಯಾವ ಊರು ಮುಟ್ಟಿದನೋ ಅದೇ ಆ ಊರಿನವರ ತತ್ವವಾಯಿತು. ಅವರು ಅಕ್ಷರ ಕೊಟ್ಟರು, ಆ ಋಣ ನಾವು ಮರೆಯೋರಲ್ಲ. ಆದರೆ ಯುರೋಪಿನ ಜಗಳದಲ್ಲಿ ಹುಟ್ಟಿದ ಹೆಸರು ನಮ್ಮ ಗಾಯವನ್ನು ಹೇಳಲಾರದು. ನಮ್ಮ ತಾಲ್ಲೂಕಿನ ಕೊಬ್ಬರಿ ತಿಪಟೂರು ಮಾರುಕಟ್ಟೆ ಸೇರಿದರೆ ತಿಪಟೂರು ಕೊಬ್ಬರಿ. ಕಾಯಿ ಹೊತ್ತವರ ಹೆಸರು ಚೀಲದ ಮೇಲಿರೋಲ್ಲ.

1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ ಆಯಿತು. ಪರದೇಶದ ಗೋಡೆ ಬಿತ್ತು. ಈ ನೆಲದ ಗೋಡೆ ಬೀಳಲಿಲ್ಲ. ದಕ್ಷಿಣ ಭಾರತದ ಎಷ್ಟೋ ಕಡೆ ದಲಿತ ಕ್ರೈಸ್ತನಿಗೆ ಗೋರಿಯ ಜಾಗವೂ ಬೇರೆಯಾಗಿತ್ತು.

ಸರ್ಕಾರಕ್ಕೂ ಒಂದು ದೈವಶಾಸ್ತ್ರವಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶ ಮೊದಲು ಹಿಂದೂಗಳನ್ನಷ್ಟೇ ಒಪ್ಪಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರು ಇವತ್ತಿಗೂ ಹೊರಗೆ. ಪರಿಶಿಷ್ಟರಿಂದ ಕ್ರೈಸ್ತರಾದವರನ್ನು ಕರ್ನಾಟಕ ಹಿಂದುಳಿದವರ ಪ್ರವರ್ಗ ಒಂದರಲ್ಲಿ ಇಟ್ಟಿದೆ. ದೀಕ್ಷಾಸ್ನಾನದ ನೀರಲ್ಲಿ ಅಸ್ಪೃಶ್ಯತೆ ತೊಳೆದುಹೋಯಿತು ಅಂತ ಕಾನೂನು ನಂಬುತ್ತದೆ. ಕಾಯಿ ಹೊರೋ ನಮ್ಮವ್ವಂದಿರ ಬೊಗಸೆಗೆ ಮೇಲಿನಿಂದ ನೀರು ಹುಯ್ಯೋರು ಮಾತ್ರ ಅದನ್ನು ನಂಬಿಲ್ಲ.

1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರ ದೈವಶಾಸ್ತ್ರದ ಮಾತೆತ್ತಿದರು. ಮುಂದೆ ಅದು ದಲಿತ ದೈವಶಾಸ್ತ್ರವಾಗಿ ಬೆಳೆಯಿತು. ಏಸುವೇ ದಲಿತ, ನಮ್ಮ ನೋವೇ ದೇವರನ್ನು ಅರಿಯುವ ದಾರಿ ಎಂದರು ನಿರ್ಮಲ್. ಈ ಹೆಸರು ಹೊರಗಿನಿಂದ ಬಿದ್ದದ್ದಲ್ಲ, ಒಳಗಿನಿಂದ ಎದ್ದದ್ದು.

'ಕ್ರಿಸ್ತನಲ್ಲಿ ಎಲ್ಲರೂ ಒಂದೇ ಅಲ್ಲವೆ, ಜಾತಿಯನ್ನು ಯಾಕಯ್ಯ ಒಳಗೆ ತರ್ತೀರಿ?' ಎಂದು ಹಿರಿಯರು ಬೈಯುತ್ತಾರೆ. ನಾವು ತರಲಿಲ್ಲ ಸ್ವಾಮಿ, ಅದು ನಮಗಿಂತ ಮೊದಲೇ ಬಂದು ಮುಂದಿನ ಬೆಂಚಿನಲ್ಲಿ ಕೂತಿತ್ತು. ನಾವು ಅದರ ಹೆಸರು ಕೂಗಿದೆವು, ಅಷ್ಟೆ.

ಗೆಳೆಯರೆ, ಈಗ ನಮ್ಮ ಕಡೆಗೂ ತಿರುಗೋಣ. ದಲಿತ ಕ್ರೈಸ್ತರು ಅಂತ ವೇದಿಕೆಯಲ್ಲಿ ಎದೆ ತಟ್ಟಿಕೊಂಡು, ಮನೆಗೆ ಬಂದಾಗ ಹೊಲೆಯರ ಹುಡುಗಿಯನ್ನು ಮಾದಿಗರ ಹುಡುಗನಿಗೆ ಕೊಡಲ್ಲ ಅಂದರೆ ಈ ಹೆಸರೂ ಸುಳ್ಳೇ. ನೋವಿನಿಂದ ಬಂದ ಹೆಸರು ಅನ್ನೋ ಒಂದೇ ಕಾರಣಕ್ಕೆ ಅದು ಪವಿತ್ರವಾಗೋಲ್ಲ. ಹೆಸರು ಹಿಡಿದವರು ಅದಕ್ಕಾಗಿ ಏನು ಬಿಟ್ಟುಕೊಟ್ಟರು ಎಂಬುದೇ ಅದರ ಪರೀಕ್ಷೆ.

ನೀವು ಯಾವ ಕ್ರಿಶ್ಚಿಯನ್ನರು ಎಂದು ಕೇಳಿದರೆ ಇನ್ನು ತಡವರಿಸೋದು ಬೇಡ. ಕೇರಿಯ ಕ್ರಿಶ್ಚಿಯನ್ನರು ಅನ್ನೋಣ. ಆದರೆ ಹಾಗನ್ನುವ ಮೊದಲು ಪಕ್ಕದ ಕೇರಿಗೆ ಹೋಗಿ ಕೂತು ಉಂಡು ಬರೋಣ.