ಸಹವಾಸವೂ ಸ್ವಾಧ್ಯಾಯದ ಅಂಗವೇ?

ಬಿ.ಎ. ಮುಗಿಸಿದ ಮಕ್ಕಳನ್ನು ಎಂ.ಎ. ಓದಿಸಲು ಧಾರವಾಡಕ್ಕೆ ಕಳುಹಿಸುವಾಗ ನಮ್ಮ ಮೊರಬದಂತಹ ಊರುಗಳ ಶ್ರಾವಕರು ಮೊದಲು ವಿಚಾರಿಸುವುದು ಊಟದ ಸಂಗತಿಯನ್ನು. ವಿಶ್ವವಿದ್ಯಾಲಯದ ವಸತಿನಿಲಯದಲ್ಲಿ ಸಂಜೆಯ ಊಟ ಎಷ್ಟು ಗಂಟೆಗೆ? ಸಾರಿಗೆ ಉಳ್ಳಾಗಡ್ಡಿ ಹಾಕುವರೇ? ಕೋಣೆಯಲ್ಲಿ ಜೊತೆಗಿರುವವರು ಯಾರು? ಈ ಪ್ರಶ್ನೆಗಳನ್ನು ಹಗುರವಾಗಿ ಕಾಣತಕ್ಕದ್ದಲ್ಲ. ಅನಸ್ತಮಿತ ವ್ರತವು ಮನೆಯಲ್ಲಿ ತಾಯಿಯ ಒಲೆಯ ಆಸರೆಯಿಂದ ನಡೆದುಬಂದಿರುತ್ತದೆ. ಆ ಆಸರೆ ತಪ್ಪಿದ ದಿನ ವ್ರತವೂ ತಪ್ಪೀತೆಂಬ ಭಯ ಸಹಜವಾದುದು. ಆದುದರಿಂದಲೇ, ಸಮಾಜದ ಬೋರ್ಡಿಂಗಿನಲ್ಲಿ ವಾಸಿಸುವವರಿಗೆ ಮಾತ್ರ ವಿದ್ಯಾರ್ಥಿವೇತನ ಸಲ್ಲಬೇಕೆಂದು ವಾದಿಸುವ ಹಿರಿಯರು ನಮ್ಮಲ್ಲಿದ್ದಾರೆ. ಈ ನಿಬಂಧನೆಯು ಸ್ನಾತಕೋತ್ತರ ವಿದ್ಯಾರ್ಥಿಗಳ ಮಟ್ಟಿಗೆ ಧರ್ಮಕ್ಕೆ ಒಪ್ಪುವುದೇ ಎಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

ಬೋರ್ಡಿಂಗುಗಳ ಉಪಕಾರವನ್ನು ಮರೆಯುವಂತಿಲ್ಲ. 1899ರಲ್ಲಿ ಸ್ಥಾಪಿತವಾದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯು ಕೊಲ್ಲಾಪುರ, ಸಾಂಗಲಿ ಮೊದಲಾದೆಡೆ ಅವುಗಳನ್ನು ನಡೆಸದಿದ್ದರೆ ಹಳ್ಳಿಯ ಎಷ್ಟೋ ಮಕ್ಕಳು ಹೈಸ್ಕೂಲಿನ ಮುಖವನ್ನೇ ಕಾಣುತ್ತಿರಲಿಲ್ಲ. ಆದರೆ ಕೊಲ್ಲಾಪುರದ ಅದೇ ಜೈನ ಬೋರ್ಡಿಂಗಿನಲ್ಲಿದ್ದು ಓದಿದ ಭಾವುರಾವ ಪಾಟೀಲರು ಮುಂದೆ ಮಾಡಿದ್ದೇನು? 1887ರಲ್ಲಿ ಕುಂಭೋಜದಲ್ಲಿ ಜೈನ ಮನೆತನದಲ್ಲಿ ಹುಟ್ಟಿದ ಅವರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಹುಡುಗರೂ ಕೂಡಿ ಉಣ್ಣುವ, ಕೂಡಿ ದುಡಿಯುವ ವಸತಿನಿಲಯವನ್ನು ತೆರೆದರು. 1927ರಲ್ಲಿ ಗಾಂಧೀಜಿಯವರೇ ಅಲ್ಲಿಗೆ ಬಂದರು. ಅವರನ್ನು ಕರ್ಮವೀರರೆಂದು ಕೊಂಡಾಡುವ ನಾವು ಅವರ ಪಂಕ್ತಿಭೋಜನವನ್ನು ಮಾತ್ರ ನೆನಪಿಸಿಕೊಳ್ಳುವುದಿಲ್ಲ.

ಧಾರವಾಡದ ಮಾತಿಗೆ ಬರೋಣ. 1949ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಮರುವರ್ಷ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯವು ಛೋಟಾ ಮಹಾಬಳೇಶ್ವರದ ಗುಡ್ಡದ ಮೇಲೆ ನೆಲೆಸಿದೆ. ಅಲ್ಲಿ ಕನ್ನಡ ಎಂ.ಎ. ಓದುವವರು ಯಾವ ಮತದವರಾಗಲಿ, ಪಂಪ, ರನ್ನ, ಜನ್ನರನ್ನು ದಾಟಿಯೇ ಹೋಗಬೇಕು. ನಮ್ಮ ಕಡೆಯ ಹುಡುಗನೊಬ್ಬ ಹೇಳಿದ ಸಂಗತಿಯಿದು. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಪಾಠ ನಡೆದಿದ್ದ ದಿನಗಳಲ್ಲಿ, ಕುಂದಗೋಳ ಕಡೆಯ ಒಕ್ಕಲಿಗರ ಮನೆಯ ಅವನ ಕೋಣೆಯ ಗೆಳೆಯ ರಾತ್ರಿ ದೀಪ ಆರಿಸುವ ಮುನ್ನ ಕೇಳಿದನಂತೆ: “ಹಿಟ್ಟಿನ ಕೋಳಿ ಬಲಿ ಕೊಟ್ಟರೂ ಅದು ಸಂಕಲ್ಪಹಿಂಸೆ ಅಂತೀರಿ. ಹಂಗಾದ್ರ ಸುಗ್ಗಿಯೊಳಗ ರೊಕ್ಕದ ಅಡಚಣಿ ಇದ್ದವನ ಮೆಣಸಿನಕಾಯಿ ಅಗ್ಗಕ್ಕ ಸಿಗಲಿ ಅಂತ ಮನಸಿನ್ಯಾಗ ಬಯಸೋದು ಏನಪಾ?”

ಹುಡುಗನಿಗೆ ಉತ್ತರ ತಿಳಿಯಲಿಲ್ಲ. ಊರಿಗೆ ಬಂದಾಗ ಪ್ರಶ್ನೆಯನ್ನು ನನ್ನ ಅಂಗಡಿಗೇ ತಂದನು. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸುವುದನ್ನು ವಾಚಕರು ಬಲ್ಲರು. ಗೃಹಸ್ಥನಿಗೆ ಉದ್ಯೋಗೀ ಹಿಂಸೆ ಸಂಪೂರ್ಣವಾಗಿ ತಪ್ಪದು. ಸಂಕಲ್ಪೀ ಹಿಂಸೆಯನ್ನು ಮಾತ್ರ ಅವನು ಬಿಡಲೇಬೇಕು. ಕೊಂಡು ಮಾರುವ ಕ್ರಿಯೆಗೆ ದೊರೆಯುವ ಈ ರಿಯಾಯಿತಿ ಪರರ ಸಂಕಟವನ್ನು ಹಾರೈಸುವ ಮನಸ್ಸಿಗೂ ದೊರೆಯುವುದೇ? ದೊರೆಯದೆಂದೇ ನನ್ನ ಅಭಿಪ್ರಾಯ. ಹುಡುಗನಿಗೂ ಹಾಗೆಯೇ ಹೇಳಿದೆನು. ನಾಲ್ವತ್ತು ವರ್ಷ ಕಾಳುಕಡಿಯ ವ್ಯಾಪಾರ ಮಾಡಿದ ನನಗೆ ನಮ್ಮವರಾರೂ ಈ ಪ್ರಶ್ನೆ ಹಾಕಿರಲಿಲ್ಲ. ಬೋರ್ಡಿಂಗಿನಲ್ಲಿ ಅದನ್ನು ಯಾರು ತಾನೆ ಕೇಳಿಯಾರು? ಅಲ್ಲಿ ನಮ್ಮ ಆಚಾರದ ವಿಷಯದಲ್ಲಿ ಎಲ್ಲರಿಗೂ ಎಲ್ಲವೂ ಮೊದಲೇ ಗೊತ್ತಿರುತ್ತದೆ!

ತತ್ತ್ವಾರ್ಥಸೂತ್ರವು ಸ್ವಾಧ್ಯಾಯವನ್ನು ಅಂತರಂಗ ತಪಸ್ಸುಗಳಲ್ಲಿ ಸೇರಿಸಿ, ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶವೆಂದು ಐದು ಭೇದಗಳನ್ನು ಹೇಳುತ್ತದೆ. ಅನುಪ್ರೇಕ್ಷೆ ಏಕಾಂತದಲ್ಲಿ ನಡೆದೀತು. ಪೃಚ್ಛನೆಗೆ ಮಾತ್ರ ಎರಡನೆಯವರು ಬೇಕು. ಸಂಶಯ ನಿವಾರಣೆಗಾಗಿ ಜ್ಞಾನಿಗಳನ್ನು ಕೇಳುವುದೇ ಪೃಚ್ಛನೆಯೆಂಬ ಅರ್ಥವು ಪ್ರಸಿದ್ಧವಾಗಿದೆ; ಆದರೆ ಸಂಶಯವೇ ಹುಟ್ಟದವನು ಜ್ಞಾನಿಗಳ ಬಳಿಗೆ ಹೋಗಿ ಕೇಳುವುದೇನನ್ನು? ಅದನ್ನು ಹುಟ್ಟಿಸುವ ಉಪಕಾರವನ್ನು ಕೋಣೆಯ ಗೆಳೆಯ ಮಾಡಿದನು. ಎಂ.ಎ. ತರಗತಿಯ ಪಾಠವು ದಿನಕ್ಕೆ ಕೆಲವೇ ಗಂಟೆ. ಉಳಿದ ವಿದ್ಯೆಯೆಲ್ಲ ಊಟದ ಸಾಲಿನಲ್ಲಿ, ಗ್ರಂಥಾಲಯದ ಮೆಟ್ಟಿಲ ಮೇಲೆ, ಇಂತಹ ಮಾತುಗಳಲ್ಲಿಯೇ ನಡೆಯುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಬೇರೆಯವರ ನಡುವೆ ಇರುವ ಹತ್ತು ಮಕ್ಕಳಲ್ಲಿ ಒಬ್ಬಿಬ್ಬರಾದರೂ ರಾತ್ರಿಭೋಜನಕ್ಕೆ ಒಲಿಯಬಹುದು. ಆ ತಾಯಿತಂದೆಗಳ ದುಃಖವನ್ನು ಅನೇಕಾಂತದ ಹೆಸರು ಹೇಳಿ ತಳ್ಳಿಹಾಕಲಾಗದು. ಆದರೂ ಇಪ್ಪತ್ತೆರಡು ವರ್ಷದವರ ವ್ರತವನ್ನು ಗೋಡೆ ಕಟ್ಟಿ ಕಾಯುವುದು ನಮ್ಮ ಕೆಲಸವಲ್ಲ, ವ್ರತವು ಸ್ವೀಕರಿಸಿದವನದು. ಕಿರಿಯ ಮಕ್ಕಳ ಮಾತು ಬೇರೆ, ಅವರಿಗೆ ಬೋರ್ಡಿಂಗೇ ಲೇಸು.

ವ್ರತ ಪಾಲಿಸಬಯಸುವವನಿಗೆ ಅನುಕೂಲವನ್ನಂತೂ ಮಾಡಿಕೊಡಬಹುದು. ಧಾರವಾಡದಲ್ಲಿ ಡಿಸೆಂಬರಿನಲ್ಲಿ ಆರು ಗಂಟೆಯ ಸುಮಾರಿಗೇ ಸೂರ್ಯಾಸ್ತವಾಗುತ್ತದೆ. ನಾಲ್ಕು ವಿದ್ಯಾರ್ಥಿಗಳು ಕೂಡಿ ಕೇಳಿದರೆ ಐದೂವರೆಗೆ ರೊಟ್ಟಿ, ಬೇಳೆ ತೆಗೆದಿರಿಸಲು ಅಡಿಗೆಯವರು ಒಪ್ಪಿಯಾರು. ಒಪ್ಪದಿದ್ದರೆ ಬುತ್ತಿಯ ವೆಚ್ಚವನ್ನು ಬಸದಿಯ ನಿಧಿಯಿಂದ ಕೊಡಬಹುದು. ಅಷ್ಟಕ್ಕಾಗಿ ಹೊಸ ಕಟ್ಟಡವೇನೂ ಬೇಕಿಲ್ಲ. ಮುಂದಿನ ವಾರ್ಷಿಕ ಸಭೆಯಲ್ಲಿ ವಿಶ್ವಸ್ಥರು ಸ್ನಾತಕೋತ್ತರ ವಿದ್ಯಾರ್ಥಿವೇತನದ ಅರ್ಜಿಯಿಂದ ವಾಸಸ್ಥಳದ ಕಲಮನ್ನು ತೆಗೆದು, ಅದರ ಜಾಗದಲ್ಲಿ ಸಂಜೆಯ ಊಟದ ವೆಚ್ಚಕ್ಕೆಂದು ಒಂದು ಸಾಲು ಸೇರಿಸುವ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಲೆಂದು ವಿನಂತಿಸುತ್ತೇನೆ.