ಬೆಕ್ಕು ಮನೆಯೊಳಗೋ ಹೊರಗೋ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಮನೆಗಳಲ್ಲಿ ಮೆಕ್ಕೆಜೋಳದ ಚೀಲಗಳಿರುವ ತನಕ ಇಲಿಗಳಿರುವವು. ಇಲಿಗಳಿರುವ ತನಕ ಬೆಕ್ಕನ್ನು ಬೇಡವೆನ್ನುವವರಿಲ್ಲ. ಆದರೆ ಹೊಟ್ಟೆಗೆ ಹಾಕಿದರೆ ಅದು ಸೋಮಾರಿಯಾಗುವದೆಂದು ಅನೇಕರು ಅದನ್ನು ಹಸಿವಿನಲ್ಲಿಟ್ಟು ಸಂಜೆಗೆ ಹೊರಗಟ್ಟುತ್ತಾರೆ. ಇದು ನ್ಯಾಯವೋ? ಬೇಟೆಯು ಬೆಕ್ಕಿನ ಹುಟ್ಟುಗುಣ. ಉಂಡ ಬೆಕ್ಕು ಸಹ ಇಲಿಯನ್ನು ಹಿಡಿಯುತ್ತದೆ. ಹೊರಗಟ್ಟಿದ್ದಾದರೋ ನೆರೆಯವರ ಕೋಳಿಮರಿಗೂ, ಹೊಲದ ಬದುವಿನಲ್ಲಿ ನೆಲದ ಮೇಲೆಯೇ ಮೊಟ್ಟೆಯಿಡುವ ಗೌಜಲಹಕ್ಕಿಯ ಮರಿಗೂ ಬಾಯಿ ಹಾಕುವದು. ಆಗ ನಾವು ಅದನ್ನು ಕಳ್ಳಬೆಕ್ಕೆಂದು ಬಡಿಯುತ್ತೇವೆ. ಹಸಿವಿನಲ್ಲಿಟ್ಟವರು ಯಾರು, ಬಾಗಿಲು ಮುಚ್ಚಿದವರು ಯಾರು?

ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪಕ್ಕೆ 1894ರ ಸುಮಾರಿಗೆ, ಅಲ್ಲಿ ದೀಪಸ್ತಂಭ ಕಟ್ಟಿದ ಕಾಲದಲ್ಲಿ, ಮನುಷ್ಯರೊಡನೆ ಬೆಕ್ಕುಗಳೂ ಬಂದವು. ಹಾರಲಾರದ ಒಂದು ಪುಟ್ಟ ಹಕ್ಕಿಯ ಜಾತಿಯೇ ಕೆಲವು ವರ್ಷಗಳೊಳಗೆ ಅಳಿದುಹೋಯಿತು. ನಮ್ಮ ಜಗಳೂರಿನ ರಂಗಯ್ಯನದುರ್ಗದ ಕಾಡು 2011ರಲ್ಲಿ ಕೊಂಡುಕುರಿಗಳಿಗೋಸ್ಕರ ವನ್ಯಧಾಮವಾಯಿತು. ಅದರ ಅಂಚಿನ ಹಳ್ಳಿಗಳವರು ಚಿಕ್ಕ ಜೀವಿಗಳನ್ನೂ ನೆನಸಬೇಕಲ್ಲವೇ?

ಹಗಲೆಲ್ಲಾ ಕೂಡಿಹಾಕಿರೆಂದು ನಾವು ಹೇಳಲಾರೆವು. ಹೆಂಚಿನಲ್ಲಿ ಸಂದಿಲ್ಲದ ಮನೆಗಳು ನಮ್ಮಲ್ಲಿ ಎಷ್ಟಿವೆ! ಆದರೆ ಇಲಿ ಹೊರಡುವದು ರಾತ್ರಿಯಲ್ಲಿ. ಆದದರಿಂದ ರಾತ್ರಿ ಬೆಕ್ಕು ಕಾಳಿನ ಬಳಿಯಲ್ಲಿಯೇ ಇರತಕ್ಕದ್ದು. ನಾವು ಸಂಜೆ ಅನ್ನವಿಟ್ಟು ಬಾಗಿಲು ಹಾಕಿದೆವು. ನಾಲ್ಕು ರಾತ್ರಿ ಅರಚಿತು, ನಮಗೆ ನಿದ್ರೆಯಿಲ್ಲ. ಐದನೆಯ ರಾತ್ರಿ ಚೀಲಗಳ ಮೇಲೆ ಮಲಗಿತು.