ಐದನೆಯ ಗಾಲಿ

ಟೈರು ಸವೆದು ಬದಲಿಸುವ ಕಾಲ ಬಂದಾಗ ನಾಲ್ಕು ಗಾಲಿಗೂ ಹೊಸದು ಹಾಕಿಸುತ್ತೇವೆ. ಬಿಚ್ಚಿದವುಗಳಲ್ಲಿ ಒಂದನ್ನು, ಇದ್ದುದರಲ್ಲಿ ಪರವಾಗಿಲ್ಲ ಎನ್ನಿಸಿದ್ದನ್ನು, ಸ್ಟೆಪ್ನಿಗೆ ಬಿಡುತ್ತೇವೆ. ‘ಇರ್ಲಿ ಬಿಡ್ರಿ, ಅದೇನು ದಿನಾ ಓಡ್ತದೇನು?’ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ. ಆಮೇಲೆ ಅದರ ಮೇಲೆ ಚಾಪೆ ಬೀಳುತ್ತದೆ, ಚಾಪೆಯ ಮೇಲೆ ಚೀಲ, ಚೀಲದ ಮೇಲೆ ನೀರಿನ ಕ್ಯಾನು. ವರ್ಷಗಟ್ಟಲೆ ಯಾರೂ ಅದರ ಮುಖ ನೋಡುವುದಿಲ್ಲ. ಅಪರೂಪಕ್ಕೆ ಬೇಕಾಗುವ ವಸ್ತುವಿಗೆ ಇಷ್ಟೇ ಸಾಕೇ ಎಂಬುದು ಈ ಬೆಳಗಿನ ನನ್ನ ಯೋಚನೆ.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಓಡಾಡುವವರಿಗೆ ಈ ಪ್ರಶ್ನೆ ಸಣ್ಣದಲ್ಲ. ಇದು ಕರಿನೆಲ, ತೊಗರಿಯ ಸೀಮೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಎಳ್ಳಮಾಸಿಯ ದಿನ ಇಲ್ಲಿ ಊರಿಗೆ ಊರೇ ಹೊಲದಲ್ಲಿರುತ್ತದೆ. ಮೊದಲು ಬಂಡಿ ಕಟ್ಟುತ್ತಿದ್ದ ಮನೆಗಳಿಂದ ಈಗ ಸಣ್ಣ ಕಾರು ಹೊರಡುತ್ತದೆ. ಭಜ್ಜಿಯ ಪಾತ್ರೆ, ಸಜ್ಜಿರೊಟ್ಟಿಯ ಗಂಟು, ಅಂಬಲಿ, ಅಜ್ಜಿ, ಮೊಮ್ಮಕ್ಕಳು ಎಲ್ಲವನ್ನೂ ಹೇರಿಕೊಂಡು ಅದು ಹೊಲದ ಬದುವಿನ ತನಕ ಹೋಗುತ್ತದೆ. ಅದೇ ದಿನಗಳಲ್ಲಿ ತೊಗರಿಯ ಕೊಯ್ಲು. ಕುಡುಗೋಲು ಓರೆಯಾಗಿ ಕೊಯ್ದು ಬಿಟ್ಟ ಕೂಳಿ ಬೆರಳು ದಪ್ಪವಿದ್ದು, ನಾಲ್ಕು ದಿನದ ಬಿಸಿಲಿಗೆ ಮೊಳೆಯಂತಾಗುತ್ತದೆ. ದಾರಿಯ ಎರಡೂ ಬದಿ ಬಳ್ಳಾರಿ ಜಾಲಿಯ ಮುಳ್ಳು ಬೇರೆ. ಟೈರಿನ ಅಡಿಗೆ ಚುಚ್ಚಿದ ಮುಳ್ಳಿಗೆ ಪಂಚರ್ ಹಾಕಬಹುದು. ಕೂಳಿ ಟೈರಿನ ಪಕ್ಕದ ಮೈ ಸೀಳಿದರೆ ತೇಪೆ ನಿಲ್ಲುವುದಿಲ್ಲ, ಗಾಲಿಯನ್ನೇ ಬದಲಿಸಬೇಕು.

ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ 2020ರ ಜುಲೈಯಲ್ಲಿ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ತಂದಿತು. ಟ್ಯೂಬ್‌ಲೆಸ್ ಟೈರು, ಹವಾ ಇಳಿದರೆ ತಿಳಿಸುವ ವ್ಯವಸ್ಥೆ, ಪಂಚರ್ ಕಿಟ್ ಇವು ಮೂರೂ ಇರುವ, 3.5 ಟನ್‌ವರೆಗಿನ ಕಾರುಗಳಿಗೆ ಆ ವರ್ಷದ ಅಕ್ಟೋಬರ್ 1ರಿಂದ ಸ್ಟೆಪ್ನಿ ಕಡ್ಡಾಯವಲ್ಲ. ಜಾಗ ಉಳಿಯುತ್ತದೆ, ತೂಕ ಇಳಿಯುತ್ತದೆ. ನಗರದ ರಸ್ತೆಗೆ ಅದು ಸರಿ ಇರಬಹುದು. ಆದರೆ ಕಿಟ್‌ನ ದ್ರಾವಣ ಅಡಿಯ ಸಣ್ಣ ತೂತು ಮುಚ್ಚುತ್ತದೆಯೇ ಹೊರತು ಸೀಳಿದ ಪಕ್ಕವನ್ನಲ್ಲ. ಈ ಮೂರು ತಾಲ್ಲೂಕಿನ ಹೊಲದ ದಾರಿ ಹಿಡಿಯುವ ಕಾರಿಗೆ ಐದನೆಯ ಗಾಲಿ ಬೇಕೇ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರಿಗೆ ಗ್ಯಾಸ್ ಸಿಲಿಂಡರ್ ಕೂಡಿಸಿ, ಡಿಕ್ಕಿಯಲ್ಲಿ ಜಾಗವಿಲ್ಲವೆಂದು ಸ್ಟೆಪ್ನಿಯನ್ನು ಮನೆಯಲ್ಲೇ ಬಿಟ್ಟು ಓಡಾಡುವವರಿಗೂ ಇದೇ ಮಾತು ಹೇಳುತ್ತೇನೆ.

ಸ್ಟೆಪ್ನಿ ಹೊಸದಾಗಿ ಕೊಳ್ಳುವವರು ಮೊದಲು ಟೈರಿನ ಮೈಮೇಲಿನ ಅಕ್ಷರ ಓದಬೇಕು. ಹಳೆಯ ಆಲ್ಟೊಗಳಲ್ಲಿ ಕಾಣುವ 145/80 ಆರ್ 12, 74 ಟಿ ಎಂಬ ಬರಹವನ್ನೇ ನೋಡಿ. ಅಗಲ 145 ಮಿಲಿಮೀಟರ್, ಅದರ ಶೇಕಡಾ 80ರಷ್ಟು ಎತ್ತರ, 12 ಇಂಚಿನ ಡಿಸ್ಕ್. 74 ಎಂದರೆ ಆ ಒಂದು ಟೈರು 375 ಕಿಲೋ ತೂಕ ಹೊರಬಲ್ಲದು. ಟಿ ಎಂದರೆ ಗಂಟೆಗೆ 190 ಕಿಲೋಮೀಟರ್ ವೇಗದ ಮಿತಿ. ಈ ಅಳತೆ ನಿಮ್ಮ ನಾಲ್ಕು ಗಾಲಿಗಳಿಗೆ ಹೊಂದಬೇಕು. ಇನ್ನೊಂದು ಕಡೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದ ಟೈರು. ಓಡದ ಟೈರಿಗೂ ವಯಸ್ಸಾಗುತ್ತದೆ. ನಮ್ಮ ಬೇಸಿಗೆಯ ಕಾವಿಗೆ ಡಿಕ್ಕಿಯೊಳಗೇ ರಬ್ಬರು ಒಣಗಿ ಕೂದಲೆಳೆಯ ಬಿರುಕು ಬಿಡುತ್ತದೆ. ಬೆರಳಿನಿಂದ ಪಕ್ಕದ ಮೈ ಒತ್ತಿ ಬಾಗಿಸಿದರೆ ಬಿರುಕು ಬಾಯಿ ತೆರೆದು ಕಾಣುತ್ತದೆ. ಹಲ್ಲು ಎಷ್ಟೇ ಚೆನ್ನಾಗಿರಲಿ, ಅಂಥದ್ದನ್ನು ಮುಟ್ಟಬೇಡಿ.

ಡಿಸ್ಕಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನಾಲ್ಕು ತೂತುಗಳಿದ್ದ ಮಾತ್ರಕ್ಕೆ ಹೊಂದುವುದಿಲ್ಲ. ತೂತಿನಿಂದ ತೂತಿನ ಅಂತರ, ನಡುವಿನ ದೊಡ್ಡ ತೂತು ಎರಡೂ ತಾಳೆಯಾಗಬೇಕು. ಅಲಾಯ್ ಗಾಲಿಯ ಕಾರಿಗೆ ಕಬ್ಬಿಣದ ಸ್ಟೆಪ್ನಿ ಇದ್ದರೆ ಅದೇ ನಟ್ಟುಗಳು ಇದಕ್ಕೂ ಸರಿಯಾಗಿ ಕೂಡುತ್ತವೆಯೇ ನೋಡಬೇಕು. ಆದ್ದರಿಂದ ಸ್ಟೆಪ್ನಿಯನ್ನು ಅಂಗಡಿಯಿಂದ ನೇರ ಡಿಕ್ಕಿಗೆ ಹಾಕಿಸಬಾರದು. ಹಗಲು ಹೊತ್ತಿನಲ್ಲಿ ಒಮ್ಮೆ ಮುಂದಿನ ಗಾಲಿಯ ಜಾಗಕ್ಕೆ, ಒಮ್ಮೆ ಹಿಂದಿನದಕ್ಕೆ ತೊಡಿಸಿ, ಕೈಯಿಂದ ತಿರುಗಿಸಿ, ಎಲ್ಲೂ ತಾಗುವುದಿಲ್ಲ, ಓಲಾಡುವುದಿಲ್ಲ ಎಂದು ಕಂಡಮೇಲೆಯೇ ಒಳಗಿಡಬೇಕು. ಅಳತೆಯಲ್ಲಿ ಸಣ್ಣದಾದ ಸ್ಟೆಪ್ನಿ ಕಾರಿನ ಜೊತೆಗೇ ಬಂದಿದ್ದರೆ ಅದರ ಮೇಲೆ ಗಂಟೆಗೆ 80 ಕಿಲೋಮೀಟರ್ ವೇಗದ ಮಿತಿ ಬರೆದಿರುತ್ತದೆ, ಅದನ್ನು ಪಾಲಿಸಬೇಕು.

ಗಾಲಿ ಬದಲಿಸುವ ಕೆಲಸಕ್ಕೂ ಒಂದು ಕ್ರಮವಿದೆ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಎದುರು ಮೂಲೆಯ ಗಾಲಿಗೆ ಕಲ್ಲು ಕೊಡಬೇಕು. ಗಾಲಿ ನೆಲದಲ್ಲಿರುವಾಗಲೇ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ, ಆಮೇಲೆ ಜಾಕ್ ಏರಿಸಬೇಕು. ಕರಿನೆಲ ಹಸಿಯಿದ್ದರೆ ಜಾಕ್ ಹೂತುಹೋಗುತ್ತದೆ. ಅದರಡಿಗೆ ಒಂದು ಹಲಗೆ ತುಂಡು ಇರಲೇಬೇಕು. ಜಾಕ್ ಮೇಲೆ ನಿಂತ ಕಾರಿನಡಿಗೆ ಕೈಕಾಲು ಹಾಕಬಾರದು. ಹೊಸ ಗಾಲಿ ತೊಡಿಸಿ, ನಟ್ಟುಗಳನ್ನು ಎದುರುಬದುರಾಗಿ ಬಿಗಿಯುತ್ತ ಬಂದು, ಕಾರು ಇಳಿಸಿದ ಮೇಲೆ ಪೂರ್ತಿ ಬಿಗಿಯಬೇಕು. ಐವತ್ತು ಕಿಲೋಮೀಟರ್ ಓಡಿದ ನಂತರ ಮತ್ತೊಮ್ಮೆ ಪಾನಾ ಹಾಕಿ ನೋಡಿದರೆ ಒಳ್ಳೆಯದು.

ಕಾರುಗಳ ಮೊದಲ ಕಾಲದಲ್ಲಿ ಈ ಅನುಕೂಲವೇ ಇರಲಿಲ್ಲ. ಪಂಚರಾದವರು ರಸ್ತೆಯ ಬದಿಗೆ ಕುಳಿತು ತೇಪೆ ಹಾಕಬೇಕಿತ್ತು. ಕಾರಿನ ಜೊತೆ ಒಯ್ಯುವ ಬದಲಿ ಗಾಲಿಯನ್ನು 1904ರಲ್ಲಿ ವೇಲ್ಸ್‌ನ ಲಾನೆಲಿ ಊರಿನ ಡೇವೀಸ್ ಸಹೋದರರು ಮಾರಾಟಕ್ಕೆ ತಂದರು. ನಮ್ಮ ಬಂಡಿಯವರೂ ಬರಿಗೈಯಲ್ಲಿ ಹೊರಡುತ್ತಿರಲಿಲ್ಲ. ಬಂಡಿಯಡಿಗೆ ಕೀಲೆಣ್ಣೆಯ ಗೊಟ್ಟ ತೂಗುತ್ತಿತ್ತು. ಘತ್ತರಗಿ ಭಾಗ್ಯವಂತಿಗೋ ಗಾಣಗಾಪುರದ ದತ್ತನಿಗೋ ಹೊರಡುವ ಮುನ್ನ ಮನೆಯ ಹಿರಿಯರು ಬಗ್ಗಿ ಕೀಲು ಮುಟ್ಟಿ ನೋಡುತ್ತಿದ್ದರು.

ನನ್ನನ್ನು ಹೆಚ್ಚು ಕಾಡುವ ಸಂಗತಿ ಇನ್ನೊಂದಿದೆ. ಸ್ಟೆಪ್ನಿ ಬೇಕಾಗುವ ಗಳಿಗೆಯನ್ನು ನಾವು ಆರಿಸುವುದಿಲ್ಲ. ಆ ಹೊತ್ತಿಗೆ ಡಿಕ್ಕಿ ತೆರೆಯುವವರು ನಾವೇ ಆಗಿರಬೇಕೆಂದೂ ಇಲ್ಲ. ಹಳ್ಳಿಯಲ್ಲಿ ಕಾರು ಒಬ್ಬರ ಹೆಸರಿನಲ್ಲಿದ್ದರೂ ಓಣಿಯ ಕಷ್ಟಕ್ಕೆಲ್ಲ ಅದೇ ಓಡುತ್ತದೆ. ನಡುರಾತ್ರಿ ಹೆರಿಗೆ ನೋವು ಬಂದವರನ್ನು ಕೂರಿಸಿಕೊಂಡು ಜೇವರ್ಗಿಯಿಂದ ಭೀಮೆ ದಾಟಿ ಕಲಬುರಗಿಗೆ ಹೊರಟ ನೆರೆಮನೆಯ ಹುಡುಗನ ಕೈಗೆ ಹವಾ ಇಲ್ಲದ ಗಾಲಿ ಸಿಕ್ಕರೆ ಅವನು ಯಾರನ್ನು ಕೇಳಬೇಕು? ದಿನಾ ಓಡುವ ಗಾಲಿ ತನ್ನ ತೊಂದರೆಯನ್ನು ತಾನೇ ಹೇಳುತ್ತದೆ, ಸ್ಟೇರಿಂಗ್ ಎಳೆಯುತ್ತದೆ, ಸದ್ದು ಮಾಡುತ್ತದೆ. ಮಲಗಿರುವ ಗಾಲಿಗೆ ಆ ಬಾಯಿಯಿಲ್ಲ. ತಿಂಗಳಿಗೆ ಒಂದೆರಡು ಪಿಎಸ್‌ಐ ಹವಾ ತಾನಾಗಿ ಇಳಿಯುತ್ತ ಹೋಗುತ್ತದೆ. ಅದನ್ನು ನಾವಾಗಿಯೇ ಹೋಗಿ ವಿಚಾರಿಸಬೇಕು. ಪಂಚರ್ ಅಂಗಡಿಯವರು ‘ಸ್ಟೆಪ್ನಿದೂ ಹವಾ ನೋಡ್ಲೇನ್ರಿ, ಸರ?’ ಎಂದು ಕೇಳಿದಾಗ ‘ಮುಂದಿನ ಸಲ ನೋಡಿದ್ರಾಯ್ತು ಬಿಡಪ್ಪ’ ಎನ್ನುವುದು, ಹೀಗೆ ನೋಡಿದರೆ, ಯಾರೋ ಒಬ್ಬರ ಮುಂದಿನ ರಾತ್ರಿಯ ಬಗ್ಗೆ ಆಡುವ ಮಾತು.

ಇವತ್ತು ಕಾರು ತೆಗೆಯುವವರು ಡಿಕ್ಕಿಯ ಸಾಮಾನು ಒಮ್ಮೆ ಇಳಿಸಿ. ಐದೂ ಗಾಲಿಗೆ ಹವಾ ನೋಡಿಸಿ, ಐದನೆಯದಕ್ಕೆ ಎರಡು ಮೂರು ಪಿಎಸ್‌ಐ ಹೆಚ್ಚೇ ಇರಲಿ. ಜಾಕ್, ಪಾನಾ, ಹಲಗೆ ತುಂಡು, ಬ್ಯಾಟರಿ ಇವೆಯೋ ನೋಡಿ. ಮನೆಯಲ್ಲಿ ಕಾರು ಓಡಿಸುವ ಮಗಳಿಗೂ ಸೊಸೆಗೂ ಅಂಗಳದಲ್ಲೇ ಒಂದು ಗಾಲಿ ಬಿಚ್ಚಿ ಹಾಕಲು ಕಲಿಸಿ.